ಅನಧಿಕೃತ ಉದ್ಯೋಗಕ್ಕಾಗಿ ಶಿಕ್ಷೆಗೊಳಗಾದ ವಿದೇಶೀಯರು: ಮೇಲ್ಮನವಿಯ ಹಕ್ಕು ಮತ್ತು ವಿಧಾನ

ವೀಸಾದ ಷರತ್ತನ್ನು ಮೀರಿ ಭಾರತದಲ್ಲಿ ಉದ್ಯೋಗ ಮಾಡಿದ ವಿದೇಶೀಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಕಾನೂನಿನಲ್ಲಿ ಅವಕಾಶವಿದೆ. ಅಂತಹ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾದವರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ಆದರೆ ಈ ಹಕ್ಕಿಗೆ ಎರಡು ಅಪಾಯಗಳಿವೆ. ವಿಚಾರಣೆ ಆರಂಭವಾಗುವ ಮೊದಲೇ ತಪ್ಪೊಪ್ಪಿಕೊಂಡರೆ ಹಕ್ಕಿನ ಬಹುಭಾಗ ಅಲ್ಲಿಯೇ ಮುಗಿದುಹೋಗುತ್ತದೆ. ತೀರ್ಪಿನ ನಂತರ ಮೂವತ್ತು ದಿನ ಸುಮ್ಮನೆ ಕಳೆದರೆ ಉಳಿದ ಭಾಗವೂ ಕೈತಪ್ಪಬಹುದು. ವಿದೇಶೀಯರು, ಅವರ ಬಂಧುಗಳು, ಅವರಿಗೆ ಕೆಲಸ ಅಥವಾ ವಸತಿ ನೀಡಿದವರು ಹಾಗೂ ಶಿಕ್ಷಣ ಸಂಸ್ಥೆಗಳ ತಿಳಿವಳಿಕೆಗಾಗಿ ಈ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ. ಇದು ಸಾಮಾನ್ಯ ಮಾಹಿತಿಯಾಗಿದ್ದು, ನಿರ್ದಿಷ್ಟ ಮೊಕದ್ದಮೆಯಲ್ಲಿ ವಕೀಲರ ಸಲಹೆಯನ್ನು ಪಡೆಯತಕ್ಕದ್ದು.

ಅನ್ವಯವಾಗುವ ಕಾನೂನು

2025ರ ಸೆಪ್ಟೆಂಬರ್ 1ರವರೆಗೆ ಈ ವಿಷಯಕ್ಕೆ ಅನ್ವಯವಾಗುತ್ತಿದ್ದುದು ವಿದೇಶೀಯರ ಅಧಿನಿಯಮ, 1946. ಅದರ 14ನೇ ಕಲಂನ ಪ್ರಕಾರ, ವೀಸಾದ ಷರತ್ತನ್ನು ಉಲ್ಲಂಘಿಸಿ ಯಾವುದೇ ಕೃತ್ಯ ಎಸಗಿದ ವಿದೇಶೀಯನಿಗೆ ಐದು ವರ್ಷಗಳವರೆಗೆ ಕಾರಾವಾಸ ಮತ್ತು ಅದರ ಜೊತೆಗೆ ಜುಲ್ಮಾನೆಯನ್ನು ವಿಧಿಸಬಹುದಾಗಿತ್ತು. ಮೇಲ್ಕಂಡ ದಿನಾಂಕದಿಂದ ವಲಸೆ ಮತ್ತು ವಿದೇಶೀಯರ ಅಧಿನಿಯಮ, 2025 ಜಾರಿಗೆ ಬಂದು, 1946ರ ಅಧಿನಿಯಮವೂ ಸೇರಿದಂತೆ ನಾಲ್ಕು ಹಳೆಯ ಅಧಿನಿಯಮಗಳು ನಿರಸನಗೊಂಡಿವೆ. ಹೊಸ ಅಧಿನಿಯಮದ 23ನೇ ಕಲಂ ಅದೇ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಕಾರಾವಾಸ, ಅಥವಾ ಮೂರು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಸುಳ್ಳು ಅಥವಾ ನಕಲಿ ಪಾಸ್‌ಪೋರ್ಟ್, ವೀಸಾ ಬಳಸಿದ ಆರೋಪವೂ ಸೇರಿದ್ದರೆ ವಿಷಯವೇ ಬೇರೆಯಾಗುತ್ತದೆ. 22ನೇ ಕಲಂನ ಪ್ರಕಾರ ಅದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಏಳು ವರ್ಷ ಕಾರಾವಾಸವಿದೆ.

ಯಾವ ಕಾನೂನಿನಂತೆ ಶಿಕ್ಷೆಯಾಗಿದೆ ಎಂಬುದನ್ನು ಮೇಲ್ಮನವಿಗೆ ಮೊದಲು ನೋಡಿಕೊಳ್ಳಬೇಕು. ಸಂವಿಧಾನದ 20ನೇ ಅನುಚ್ಛೇದದ (1)ನೇ ಖಂಡದ ಪ್ರಕಾರ, ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನು ವಿಧಿಸಬಹುದಾಗಿದ್ದ ದಂಡನೆಗಿಂತ ಹೆಚ್ಚಿನ ದಂಡನೆಗೆ ಯಾವ ವ್ಯಕ್ತಿಯನ್ನೂ ಗುರಿಪಡಿಸುವಂತಿಲ್ಲ. ಇಲ್ಲಿ "ನಾಗರಿಕ" ಎಂಬ ಪದವಿಲ್ಲ, "ವ್ಯಕ್ತಿ" ಎಂದಿದೆ. ಆದ್ದರಿಂದ ವಿದೇಶೀಯರಿಗೂ ಈ ರಕ್ಷಣೆ ಸಲ್ಲುತ್ತದೆ. ನಂತರ ಬಂದ ಕಾನೂನು ಶಿಕ್ಷೆಯನ್ನು ಸೌಮ್ಯಗೊಳಿಸಿದ್ದರೆ ಅದರ ಪ್ರಯೋಜನವನ್ನು ಹಿಂದಿನ ಕೃತ್ಯಕ್ಕೂ ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯವು ರತ್ತನ್ ಲಾಲ್ ವಿರುದ್ಧ ಪಂಜಾಬ್ ರಾಜ್ಯ ಮೊಕದ್ದಮೆಯಲ್ಲಿ ಹೇಳಿದೆ. 2025ಕ್ಕೆ ಹಿಂದಿನ ಕೃತ್ಯಕ್ಕಾಗಿ ಹಳೆಯ ಕಾನೂನಿನಂತೆ ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾಗಿದ್ದಲ್ಲಿ, ಈ ತೀರ್ಪನ್ನು ಆಧರಿಸಿ ಶಿಕ್ಷೆಯ ಪ್ರಮಾಣದ ಬಗ್ಗೆ ವಾದಿಸಲು ಅವಕಾಶವಿದೆ. ಆ ವಾದವನ್ನು ಒಪ್ಪುವುದು ಬಿಡುವುದು ನ್ಯಾಯಾಲಯಕ್ಕೆ ಸೇರಿದ್ದು.

ಅನಧಿಕೃತ ಉದ್ಯೋಗ ಎಂದರೆ

ವಿದೇಶೀಯರು ಸಂಬಳದ ಕೆಲಸಕ್ಕೆ ಸಾಮಾನ್ಯವಾಗಿ ಉದ್ಯೋಗ ವೀಸಾ ಪಡೆದಿರಬೇಕು. ಪ್ರವಾಸಿ ವೀಸಾ ಅಥವಾ ವಿದ್ಯಾರ್ಥಿ ವೀಸಾದ ಮೇಲೆ ಬಂದು ಅಂಗಡಿ, ಹೋಟೆಲು, ಬ್ಯೂಟಿ ಪಾರ್ಲರ್, ಕಾಲ್ ಸೆಂಟರ್‌ಗಳಲ್ಲಿ ದುಡಿಯುವುದು, ಒಂದು ಸಂಸ್ಥೆಯ ಹೆಸರಿನಲ್ಲಿ ಉದ್ಯೋಗ ವೀಸಾ ಪಡೆದು ಅನುಮತಿಯಿಲ್ಲದೆ ಮತ್ತೊಂದು ಸಂಸ್ಥೆಗೆ ಸೇರುವುದು ಷರತ್ತಿನ ಉಲ್ಲಂಘನೆಯಾಗುತ್ತದೆ. ವ್ಯಾಪಾರ ವೀಸಾ ಪಡೆದು ಕಾಮಗಾರಿ ಸ್ಥಳಗಳಲ್ಲಿ ನೌಕರರಾಗಿ ದುಡಿಯುವ ವಿಚಾರವು 2009ರಲ್ಲಿ ದೊಡ್ಡ ಸುದ್ದಿಯಾಗಿ, ಕೇಂದ್ರ ಗೃಹ ಸಚಿವಾಲಯವು ವ್ಯಾಪಾರ ವೀಸಾಕ್ಕೂ ಉದ್ಯೋಗ ವೀಸಾಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕಾಯಿತು. ನೇಪಾಳ ಮತ್ತು ಭೂತಾನದ ಪ್ರಜೆಗಳಿಗೆ ವೀಸಾದ ಅಗತ್ಯವೇ ಇಲ್ಲವಾದುದರಿಂದ ಈ ಅಪರಾಧ ಅವರಿಗೆ ಸಾಮಾನ್ಯವಾಗಿ ಅನ್ವಯವಾಗುವುದಿಲ್ಲ.

ಯಾವ ಚಟುವಟಿಕೆ "ಉದ್ಯೋಗ" ಎಂಬುದು ಎಲ್ಲ ಸಂದರ್ಭದಲ್ಲಿಯೂ ಸ್ಪಷ್ಟವಾಗಿರುವುದಿಲ್ಲ. ಸಂಬಳ ಪಡೆದು ಮಾಡಿದ ಕೆಲಸವೋ, ಪಠ್ಯಕ್ರಮದ ಭಾಗವಾದ ತರಬೇತಿಯೋ, ಸ್ನೇಹಿತನ ಅಂಗಡಿಯಲ್ಲಿ ಅರ್ಧ ದಿನ ಕುಳಿತದ್ದೋ ಎಂಬುದು ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ವಿಷಯ. ತಾನು ವಿದೇಶೀಯನಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ಕಾನೂನು ಆರೋಪಿಯ ಮೇಲೆ ಹಾಕಿರುವುದು ನಿಜ. ಆದರೆ ವೀಸಾದಲ್ಲಿ ಯಾವ ಷರತ್ತಿತ್ತು, ಅದನ್ನು ಆರೋಪಿ ಯಾವಾಗ, ಎಲ್ಲಿ, ಹೇಗೆ ಉಲ್ಲಂಘಿಸಿದ ಎಂಬುದನ್ನು ಸಂಶಯಾತೀತವಾಗಿ ರುಜುವಾತುಪಡಿಸುವ ಹೊಣೆ ಅಭಿಯೋಜನೆಯ ಮೇಲೆಯೇ ಇದೆ. ಈ ಎರಡು ಹೊಣೆಗಳನ್ನು ಬೆರೆಸಿ ನೀಡಿದ ತೀರ್ಪು ಮೇಲ್ಮನವಿಗೆ ಒಳ್ಳೆಯ ಆಧಾರವಾಗುತ್ತದೆ.

ತಪ್ಪೊಪ್ಪಿಗೆಯ ಪರಿಣಾಮ

ಈ ಬಗೆಯ ಮೊಕದ್ದಮೆಯು ಪ್ರಥಮ ದರ್ಜೆ ದಂಡಾಧಿಕಾರಿಗಳ ನ್ಯಾಯಾಲಯದಲ್ಲಿ ನಡೆಯುತ್ತದೆ. ದೋಷಾರೋಪಣೆಯನ್ನು ಓದಿ ಹೇಳಿದ ನಂತರ, ತಪ್ಪೊಪ್ಪಿಕೊಳ್ಳುವಿರಾ ಅಥವಾ ವಿಚಾರಣೆ ಕೋರುವಿರಾ ಎಂದು ಆರೋಪಿಯನ್ನು ಕೇಳಲಾಗುತ್ತದೆ. ತಿಂಗಳುಗಟ್ಟಲೆ ಕಾರಾಗೃಹದಲ್ಲಿರುವ, ಜಾಮೀನಿಗೆ ಸ್ಥಳೀಯರಾರೂ ಸಿಗದ, ಭಾಷೆ ಬಾರದ ವ್ಯಕ್ತಿಗೆ ಆ ಕ್ಷಣದಲ್ಲಿ ತಪ್ಪೊಪ್ಪಿಕೊಳ್ಳುವುದೇ ಮನೆಗೆ ಮರಳುವ ಹತ್ತಿರದ ದಾರಿಯಾಗಿ ಕಾಣುತ್ತದೆ. ಈಗಾಗಲೇ ಅನುಭವಿಸಿದ ಬಂಧನವನ್ನು ಶಿಕ್ಷೆಯಲ್ಲಿ ವಜಾ ಮಾಡಲಾಗುವುದರಿಂದ, ಕೆಲವು ದಿನಗಳಲ್ಲಿಯೇ ಬಿಡುಗಡೆಯಾಗುವ ಸಂಭವವೂ ಇರುತ್ತದೆ. ಇದು ಅವರವರ ಆಯ್ಕೆ. ಆದರೆ ಆ ಆಯ್ಕೆಯ ಬೆಲೆ ತಿಳಿದಿರಬೇಕು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 416ನೇ ಕಲಂನ ಪ್ರಕಾರ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆ, 1973ರ 375ನೇ ಕಲಂ), ತಪ್ಪೊಪ್ಪಿಗೆಯ ಮೇಲೆ ದಂಡಾಧಿಕಾರಿಗಳು ಶಿಕ್ಷೆ ವಿಧಿಸಿದ್ದಲ್ಲಿ, ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಬಗ್ಗೆ ಮಾತ್ರ ಮೇಲ್ಮನವಿ ಸಲ್ಲಿಸಬಹುದು. "ನಾನು ಅಪರಾಧ ಮಾಡಿಯೇ ಇಲ್ಲ" ಎಂದು ಮೇಲ್ಮನವಿಯಲ್ಲಿ ಹೇಳಲು ಬರುವುದಿಲ್ಲ. ಶಿಕ್ಷೆ ಚಿಕ್ಕದಾಗಿರಬಹುದು, ಅಪರಾಧಿ ಎಂಬ ದಾಖಲೆ ಉಳಿಯುತ್ತದೆ. ಮುಂದೆ ಭಾರತಕ್ಕೆ ಮತ್ತೆ ಬರಲು ವೀಸಾ ಕೋರಿದಾಗ, ಬೇರೆ ದೇಶದ ವೀಸಾ ಅರ್ಜಿಯಲ್ಲಿ ಹಿಂದಿನ ಶಿಕ್ಷೆಯ ಬಗ್ಗೆ ಕೇಳಿದಾಗ ಅದು ಎದುರಾಗುತ್ತದೆ. ಅರ್ಧಕ್ಕೆ ನಿಂತ ಪದವಿಯನ್ನು ಮುಗಿಸಬೇಕೆಂದಿರುವ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ.

ಚೌಕಾಶಿ ತಪ್ಪೊಪ್ಪಿಗೆಯ (ಪ್ಲೀ ಬಾರ್ಗೇನಿಂಗ್) ವಿಧಾನದಲ್ಲಿ ಬಾಗಿಲು ಇನ್ನೂ ಕಿರಿದಾಗಿದೆ. ಆ ವಿಧಾನದಲ್ಲಿ ನೀಡಿದ ತೀರ್ಪು ಅಂತಿಮ. ಅದರ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ವಿಶೇಷ ಅನುಮತಿ ಅರ್ಜಿ ಅಥವಾ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿಯನ್ನಷ್ಟೇ ಸಲ್ಲಿಸಬಹುದು. 2020ರಲ್ಲಿ ದೆಹಲಿಯ ತಬ್ಲೀಘಿ ಜಮಾತ್ ಸಮಾವೇಶಕ್ಕೆ ಸಂಬಂಧಿಸಿ ನೂರಾರು ವಿದೇಶೀಯರ ಮೇಲೆ ಸಲ್ಲಿಸಿದ ಆರೋಪಪಟ್ಟಿಗಳಲ್ಲಿ ವೀಸಾ ಷರತ್ತಿನ ಉಲ್ಲಂಘನೆಯೂ ಸೇರಿತ್ತು. ಅವರಲ್ಲಿ ಬಹಳ ಮಂದಿ ಈ ವಿಧಾನದಲ್ಲಿ ತಪ್ಪೊಪ್ಪಿಕೊಂಡು, ಜುಲ್ಮಾನೆ ತೆತ್ತು ಸ್ವದೇಶಕ್ಕೆ ಮರಳಿದರು. ವಿಚಾರಣೆಯನ್ನೇ ಕೋರಿ ಉಳಿದ 36 ಮಂದಿಯನ್ನು ದೆಹಲಿಯ ನ್ಯಾಯಾಲಯವು ಅದೇ ವರ್ಷದ ಡಿಸೆಂಬರ್‌ನಲ್ಲಿ ಖುಲಾಸೆಗೊಳಿಸಿತು. ಅದು ಉದ್ಯೋಗದ ಪ್ರಕರಣವಾಗಿರಲಿಲ್ಲ. ಆದರೂ ಎರಡು ದಾರಿಗಳು ಎಲ್ಲೆಲ್ಲಿಗೆ ಒಯ್ಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ತಪ್ಪೊಪ್ಪಿಗೆಯೇ ದೋಷಪೂರ್ಣವಾಗಿದ್ದಲ್ಲಿ ಪರಿಹಾರ ಇಲ್ಲದೆ ಇಲ್ಲ. ಆರೋಪವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ವಿವರಿಸದೆ, ದುಭಾಷಿಯನ್ನು ಒದಗಿಸದೆ, ವಕೀಲರಿಲ್ಲದೆ ಪಡೆದ ಹೇಳಿಕೆಯು ಕಾನೂನಿನ ದೃಷ್ಟಿಯಲ್ಲಿ ತಪ್ಪೊಪ್ಪಿಗೆಯೇ ಅಲ್ಲವೆಂದು ವಾದಿಸಬಹುದು. ಇದನ್ನು ಸೆಷನ್ಸ್ ನ್ಯಾಯಾಲಯ ಅಥವಾ ಉಚ್ಚ ನ್ಯಾಯಾಲಯದ ಮುಂದೆ ಪುನರೀಕ್ಷಣಾ ಅರ್ಜಿಯ ಮೂಲಕವೂ ಎತ್ತಬಹುದಾಗಿದ್ದು, ಅದಕ್ಕೆ 90 ದಿನಗಳ ಕಾಲಮಿತಿ ಇದೆ. ನ್ಯಾಯಾಲಯದ ಆದೇಶ ಪತ್ರದಲ್ಲಿ ದುಭಾಷಿಯ ಹೆಸರು ಮತ್ತು ಆರೋಪಿಯು ಆಡಿದ ಮಾತು ದಾಖಲಾಗಿದೆಯೇ ಎಂಬುದನ್ನು ವಕೀಲರು ಮೊದಲು ಪರಿಶೀಲಿಸಬೇಕು. ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ ಎಂಬುದನ್ನೇ ಆರೋಪಿಗೆ ತಿಳಿಸದೆ ನಡೆಸಿದ ವಿಚಾರಣೆ ಮತ್ತು ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 1986ರ ಸುಕ್ ದಾಸ್ ಮೊಕದ್ದಮೆಯಲ್ಲಿ ರದ್ದುಪಡಿಸಿದೆ.

ಮೇಲ್ಮನವಿ ಎಲ್ಲಿ, ಎಷ್ಟು ದಿನಗಳೊಳಗೆ

ವಿಚಾರಣೆ ನಡೆದು ದಂಡಾಧಿಕಾರಿಗಳು ಶಿಕ್ಷೆ ವಿಧಿಸಿದ್ದಲ್ಲಿ, ಸುರಕ್ಷಾ ಸಂಹಿತೆಯ 415ನೇ ಕಲಂನಂತೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸತಕ್ಕದ್ದು. ಕಾಲಪರಿಮಿತಿ ಅಧಿನಿಯಮ, 1963ರ ಅನುಸೂಚಿಯ 115ನೇ ನಮೂದಿನ ಪ್ರಕಾರ ಇದಕ್ಕೆ 30 ದಿನಗಳ ಅವಧಿ ಇದೆ. ಸೆಷನ್ಸ್ ನ್ಯಾಯಾಲಯವೇ ವಿಚಾರಣೆ ನಡೆಸಿ ಶಿಕ್ಷೆ ವಿಧಿಸಿದ್ದರೆ ಮೇಲ್ಮನವಿಯು ಉಚ್ಚ ನ್ಯಾಯಾಲಯಕ್ಕೆ ಹೋಗುತ್ತದೆ. ಅವಧಿ 60 ದಿನಗಳು.

ದಿನಗಳ ಲೆಕ್ಕದಲ್ಲಿ ತಪ್ಪುಗಳಾಗುವುದು ಹೆಚ್ಚು. ತೀರ್ಪು ಪ್ರಕಟವಾದ ದಿನವನ್ನು ಲೆಕ್ಕದಿಂದ ಬಿಡಬೇಕು. ತೀರ್ಪಿನ ನಕಲು ಪಡೆಯಲು ಬೇಕಾದ ಕಾಲವನ್ನೂ ಬಿಡಬೇಕು. ಉದಾಹರಣೆಗೆ, ಮಾರ್ಚ್ 3ರಂದು ತೀರ್ಪು ಬಂದಿದೆ ಎಂದಿಟ್ಟುಕೊಂಡರೆ, ಎಣಿಕೆ ಮಾರ್ಚ್ 4ರಿಂದ ಆರಂಭವಾಗಿ ಏಪ್ರಿಲ್ 2ಕ್ಕೆ ಮೂವತ್ತು ದಿನ ಮುಗಿಯುತ್ತದೆ. ನಕಲಿಗೆ ಮಾರ್ಚ್ 10ರಂದು ಅರ್ಜಿ ಸಲ್ಲಿಸಿ, ಮಾರ್ಚ್ 18ರಂದು ನಕಲು ಸಿದ್ಧವಾಗಿದ್ದಲ್ಲಿ, ಆ ಒಂಬತ್ತು ದಿನಗಳನ್ನು ಸೇರಿಸಿ ಏಪ್ರಿಲ್ 11ರವರೆಗೆ ಕಾಲಾವಕಾಶ ದೊರೆಯುತ್ತದೆ. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆಯುವ ದಿನ ಸಲ್ಲಿಸಬಹುದು. ನಕಲಿಗೆ ಅರ್ಜಿಯನ್ನೇ ಹಾಕದೆ ಕಳೆದ ದಿನಗಳಿಗೆ ಈ ರಿಯಾಯಿತಿ ಇಲ್ಲ. ಮೇಲಿನ ಉದಾಹರಣೆಯಲ್ಲಿ ಮಾರ್ಚ್ 4ರಿಂದ 9ರವರೆಗಿನ ಆರು ದಿನಗಳು ಹೀಗೆಯೇ ಹೋಗಿವೆ. ಅವಧಿ ಮೀರಿದ್ದಲ್ಲಿ, ಸಾಕಷ್ಟು ಕಾರಣ ತೋರಿಸಿ ವಿಳಂಬವನ್ನು ಮನ್ನಿಸುವಂತೆ ಅದೇ ಅಧಿನಿಯಮದ 5ನೇ ಕಲಂನಡಿ ಅರ್ಜಿ ಸಲ್ಲಿಸಬಹುದು. ಭಾಷೆ ತಿಳಿಯದಿರುವುದು, ಕಾರಾಗೃಹದಲ್ಲಿದ್ದುದು, ವಕೀಲರ ನೆರವು ತಡವಾಗಿ ದೊರೆತದ್ದು ಇಂತಹ ಕಾರಣಗಳಾಗಬಹುದು. ಮನ್ನಿಸುವುದು ನ್ಯಾಯಾಲಯದ ವಿವೇಚನೆಯಾದ್ದರಿಂದ ಅದನ್ನೇ ನಂಬಿ ಕೂರುವುದು ಸಲ್ಲದು.

ಕಾರಾವಾಸದ ಶಿಕ್ಷೆಯಾದ ಕೂಡಲೇ ತೀರ್ಪಿನ ಒಂದು ನಕಲನ್ನು ಶಿಕ್ಷಿತನಿಗೆ ಉಚಿತವಾಗಿ ಕೊಡತಕ್ಕದ್ದೆಂದು 404ನೇ ಕಲಂ ವಿಧಿಸುತ್ತದೆ. ಕೋರಿದಲ್ಲಿ, ಕಾರ್ಯಸಾಧ್ಯವಿದ್ದಾಗ ಅವನ ಸ್ವಂತ ಭಾಷೆಯ ಅನುವಾದವನ್ನೂ ನೀಡಬೇಕು. ಈ ಅವಕಾಶವನ್ನು ಕೇಳುವವರು ಕಡಿಮೆ. ತೀರ್ಪು ಕನ್ನಡದಲ್ಲಿದ್ದು ಶಿಕ್ಷಿತನಿಗೆ ಫ್ರೆಂಚ್ ಅಥವಾ ಅರಬ್ಬಿ ಮಾತ್ರ ಬರುವ ಸಂದರ್ಭದಲ್ಲಿ, ತನಗೆ ಏಕೆ ಶಿಕ್ಷೆಯಾಯಿತೆಂದು ಅವನಿಗೆ ತಿಳಿಯುವ ದಾರಿ ಇದೊಂದೇ.

ಕಾರಾಗೃಹದಿಂದ ಮೇಲ್ಮನವಿ ಮತ್ತು ಉಚಿತ ಕಾನೂನು ನೆರವು

ಶಿಕ್ಷಿತನು ಕಾರಾಗೃಹದಲ್ಲಿದ್ದರೆ ವಕೀಲರಿಗಾಗಿ ಕಾಯಬೇಕಾಗಿಲ್ಲ. 424ನೇ ಕಲಂನ ಪ್ರಕಾರ ಮೇಲ್ಮನವಿಯನ್ನೂ ತೀರ್ಪಿನ ನಕಲನ್ನೂ ಕಾರಾಗೃಹದ ಪ್ರಭಾರಾಧಿಕಾರಿಗೆ ಕೊಟ್ಟರೆ, ಅವರು ಅದನ್ನು ಸಂಬಂಧಪಟ್ಟ ನ್ಯಾಯಾಲಯಕ್ಕೆ ಕಳುಹಿಸತಕ್ಕದ್ದು. ಕೊಟ್ಟ ದಿನಾಂಕವನ್ನು ನಮೂದಿಸಿದ ಸ್ವೀಕೃತಿಯನ್ನು ಕೇಳಿ ಪಡೆಯುವುದು ಒಳಿತು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಂ ಅಭಿರಕ್ಷೆಯಲ್ಲಿರುವ ವ್ಯಕ್ತಿಗಳಿಗೂ, ಮಹಿಳೆಯರಿಗೂ, ಮಾನವ ಕಳ್ಳಸಾಗಣೆ ಅಥವಾ ಬಿಟ್ಟಿ ದುಡಿಮೆಗೆ ತುತ್ತಾದವರಿಗೂ ಉಚಿತ ನೆರವು ನೀಡುತ್ತದೆ. ಇಲ್ಲಿ ಪೌರತ್ವದ ಷರತ್ತಿಲ್ಲ. ಪ್ರತಿ ಜಿಲ್ಲೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಸಮಿತಿ, ಬೆಂಗಳೂರಿನ ನ್ಯಾಯ ದೇಗುಲದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಮೇಲ್ಮನವಿಗೆ ಬೇಕಾದ ನಕಲು ಮತ್ತು ವಕೀಲರ ನೆರವನ್ನು ಒದಗಿಸುವುದು ರಾಜ್ಯದ ಕರ್ತವ್ಯವೆಂದು 1978ರ ಎಂ.ಎಚ್. ಹೊಸ್ಕೋಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಇದಲ್ಲದೆ, 1963ರ ವಿಯೆನ್ನಾ ದೂತಸಂಬಂಧ ಒಡಂಬಡಿಕೆಯ 36ನೇ ವಿಧಿಯಂತೆ, ಬಂಧಿತನು ಕೋರಿದಲ್ಲಿ ಅವನ ದೇಶದ ದೂತಾವಾಸಕ್ಕೆ ವಿಷಯ ತಿಳಿಸಬೇಕು.

ಕೆಲಸದ ಆಸೆ ತೋರಿಸಿ ಕರೆತಂದು, ಪಾಸ್‌ಪೋರ್ಟ್ ಕಸಿದುಕೊಂಡು ದುಡಿಸಿದ ಪ್ರಕರಣಗಳಲ್ಲಿ ದುಡಿದವರನ್ನೇ ಆರೋಪಿಯನ್ನಾಗಿಸುವ ಸಂಭವ ಇರುತ್ತದೆ. ಇಂತಹ ಸಂಗತಿಯನ್ನು ವಿಚಾರಣೆಯಲ್ಲಿ ಹೇಳಲಾಗದೆ ಹೋಗಿದ್ದರೂ ಮೇಲ್ಮನವಿಯಲ್ಲಿ ಹೇಳಬೇಕು. ಅಗತ್ಯವೆನಿಸಿದರೆ ಹೆಚ್ಚುವರಿ ಸಾಕ್ಷ್ಯವನ್ನು ಪಡೆಯಲು ಮೇಲ್ಮನವಿ ನ್ಯಾಯಾಲಯಕ್ಕೆ 432ನೇ ಕಲಂ ಅಧಿಕಾರ ನೀಡಿದೆ.

ಶಿಕ್ಷೆಯ ಅಮಾನತು

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. ಅದಕ್ಕೆ 430ನೇ ಕಲಂನಡಿ ಪ್ರತ್ಯೇಕ ಅರ್ಜಿ ಬೇಕು. ವಿಚಾರಣೆಯ ಕಾಲದಲ್ಲಿ ಜಾಮೀನಿನ ಮೇಲಿದ್ದು, ಮೂರು ವರ್ಷ ಮೀರದ ಕಾರಾವಾಸದ ಶಿಕ್ಷೆಯಾದವನು ತಾನು ಮೇಲ್ಮನವಿ ಸಲ್ಲಿಸುವೆನೆಂದು ಮನವರಿಕೆ ಮಾಡಿಕೊಟ್ಟರೆ, ವಿಶೇಷ ಕಾರಣಗಳಿಲ್ಲದ ಹೊರತು ಶಿಕ್ಷೆ ವಿಧಿಸಿದ ನ್ಯಾಯಾಲಯವೇ ಅವನನ್ನು ಮೇಲ್ಮನವಿಗೆ ಬೇಕಾದ ಅವಧಿಗೆ ಜಾಮೀನಿನ ಮೇಲೆ ಬಿಡಬೇಕು. 2025ರ ಅಧಿನಿಯಮದ 23ನೇ ಕಲಂನ ಗರಿಷ್ಠ ಶಿಕ್ಷೆಯೇ ಮೂರು ವರ್ಷವಾದುದರಿಂದ ಆ ಕಲಂನಡಿಯ ಎಲ್ಲ ಶಿಕ್ಷೆಗಳೂ ಈ ಮಿತಿಯೊಳಗೆ ಬರುತ್ತವೆ. ತೀರ್ಪಿನ ದಿನವೇ, ನ್ಯಾಯಾಲಯ ಏಳುವ ಮೊದಲೇ ಈ ಅರ್ಜಿ ಸಿದ್ಧವಿರಬೇಕು.

ವಿದೇಶೀಯರಿಗೆ ಜಾಮೀನು ನೀಡುವಾಗ ದೂತಾವಾಸದಿಂದ ಭರವಸೆಯ ಪ್ರಮಾಣಪತ್ರ ತರಬೇಕೆಂಬ ಷರತ್ತಿನ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ಫ್ರ್ಯಾಂಕ್ ವೈಟಸ್ ಮೊಕದ್ದಮೆಯಲ್ಲಿ ತೀರ್ಪು ನೀಡಿದೆ. ಆ ಪತ್ರ ನೀಡುವುದು ಆರೋಪಿಯ ಕೈಯಲ್ಲಿಲ್ಲ. ಅದು ಸಿಗಲಿಲ್ಲವೆಂದು ಜಾಮೀನನ್ನು ತಡೆಹಿಡಿಯಲಾಗದು ಎಂಬುದು ಅದರ ಸಾರ. ಆದರೆ ಜಾಮೀನು ದೊರೆತ ಸಂಗತಿಯನ್ನು ವಿದೇಶೀಯರ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು 2025ರ ಜನವರಿಯಲ್ಲಿ ಅದೇ ಮೊಕದ್ದಮೆಯಲ್ಲಿ ನಿರ್ದೇಶಿಸಲಾಗಿದೆ. ಹೀಗಾಗಿ ಕಾರಾಗೃಹದಿಂದ ಹೊರಬಂದವರೆಲ್ಲರೂ ಸ್ವತಂತ್ರರಾಗುತ್ತಾರೆಂದಲ್ಲ. ವೀಸಾ ಅವಧಿ ಮುಗಿದವರನ್ನು ಗಡೀಪಾರಾಗುವವರೆಗೆ ಇರಿಸಲು ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಕೇಂದ್ರವೊಂದನ್ನು ಸ್ಥಾಪಿಸಲಾಗಿದೆ. ಶಿಕ್ಷೆಯ ಅಮಾನತು ಕೋರುವಾಗಲೇ, ಮೇಲ್ಮನವಿ ಇತ್ಯರ್ಥವಾಗುವವರೆಗೆ ಎಲ್ಲಿ ವಾಸಿಸುವುದು ಎಂಬುದರ ಬಗ್ಗೆಯೂ ಆದೇಶ ಕೋರುವುದು ಸೂಕ್ತ.

ಮೇಲ್ಮನವಿಯ ವಿಚಾರಣೆ

ಮೇಲ್ಮನವಿ ಹಾಕಿದರೆ ಶಿಕ್ಷೆ ಹೆಚ್ಚಾಗಬಹುದೆಂಬ ಭಯ ಅನೇಕರಲ್ಲಿದೆ. ಶಿಕ್ಷಿತನ ಮೇಲ್ಮನವಿಯಲ್ಲಿ ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಬಹುದು, ಬದಲಿಸಬಹುದು, ಮರುವಿಚಾರಣೆಗೆ ಆದೇಶಿಸಬಹುದು, ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕಾದರೆ ಸರ್ಕಾರವು ಪ್ರತ್ಯೇಕ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ. ವಕೀಲರು ಹಾಜರಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಕ್ರಿಮಿನಲ್ ಮೇಲ್ಮನವಿಯನ್ನು ವಜಾ ಮಾಡಲಾಗದು, ಗುಣಾವಗುಣಗಳ ಮೇಲೆಯೇ ತೀರ್ಮಾನಿಸಬೇಕೆಂದು 1996ರ ಬನಿ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮೇಲ್ಮನವಿ ಬಾಕಿಯಿರುವಾಗಲೇ ದೇಶ ಬಿಟ್ಟುಹೋಗಬೇಕಾದ ವಿದೇಶೀಯನಿಗೆ ಈ ತೀರ್ಪು ಬಹಳ ಮುಖ್ಯ. ಹೊರಡುವ ಮೊದಲು ವಕಾಲತ್ತಿಗೆ ಸಹಿ ಹಾಕಿ, ತಲುಪಬಹುದಾದ ವಿಳಾಸವನ್ನು ವಕೀಲರಿಗೆ ಕೊಟ್ಟಿರಬೇಕು.

ಕೆಲಸ ಕೊಟ್ಟವರ ಮೇಲೂ ಕುಮ್ಮಕ್ಕಿನ ಆರೋಪ ಸಾಬೀತಾಗಿದ್ದಲ್ಲಿ ಅವರು ಪ್ರತ್ಯೇಕವಾಗಿ ಮೇಲ್ಮನವಿ ಸಲ್ಲಿಸತಕ್ಕದ್ದು. ಇಬ್ಬರ ಹಿತಗಳೂ ಒಂದೇ ಆಗಿರುವುದಿಲ್ಲ. ಮಾಲೀಕರು ನೇಮಿಸಿದ ವಕೀಲರೇ ನೌಕರನ ಪರವಾಗಿಯೂ ವಾದಿಸುವಂತಾದರೆ, "ಸಂಬಳ ಕೊಟ್ಟಿಲ್ಲ", "ವೀಸಾ ವಿಷಯ ನನಗೆ ತಿಳಿಸಿರಲಿಲ್ಲ" ಎಂಬಂತಹ ಮಾತುಗಳು ಯಾರಾದರೊಬ್ಬರ ವಿರುದ್ಧವೇ ತಿರುಗುತ್ತವೆ.

ಗೆದ್ದ ನಂತರ

ಮೇಲ್ಮನವಿಯಲ್ಲಿ ಖುಲಾಸೆಯಾದರೆ ಅಪರಾಧಿ ಎಂಬ ದಾಖಲೆ ಇಲ್ಲವಾಗುತ್ತದೆ, ತೆತ್ತ ಜುಲ್ಮಾನೆಯನ್ನು ಹಿಂದಕ್ಕೆ ಪಡೆಯಬಹುದು. ಭಾರತದಲ್ಲಿ ಉಳಿಯುವ ಹಕ್ಕು ಮಾತ್ರ ಅದರಿಂದ ಹುಟ್ಟುವುದಿಲ್ಲ. ವಿದೇಶೀಯರನ್ನು ಹೊರಕಳುಹಿಸುವ ಸರ್ಕಾರದ ಅಧಿಕಾರವು ಕ್ರಿಮಿನಲ್ ಮೊಕದ್ದಮೆಯ ಫಲಿತಾಂಶವನ್ನು ಅವಲಂಬಿಸಿಲ್ಲ. 1955ರ ಹ್ಯಾನ್ಸ್ ಮುಲ್ಲರ್ ಮೊಕದ್ದಮೆಯಿಂದಲೂ ಸರ್ವೋಚ್ಚ ನ್ಯಾಯಾಲಯ ಈ ಅಧಿಕಾರವನ್ನು ಎತ್ತಿಹಿಡಿದಿದೆ. ಮೊಕದ್ದಮೆ ನಡೆಯುವ ಕಾಲದಲ್ಲಿ ವೀಸಾ ಅವಧಿ ಮುಗಿದಿರುವ ಸಾಧ್ಯತೆಯೇ ಹೆಚ್ಚಾದುದರಿಂದ, ಖುಲಾಸೆಯ ತೀರ್ಪಿನ ದೃಢೀಕೃತ ನಕಲನ್ನು ಕೂಡಲೇ ವಿದೇಶೀಯರ ಪ್ರಾದೇಶಿಕ ನೋಂದಣಿ ಅಧಿಕಾರಿಯವರಿಗೆ ಸಲ್ಲಿಸಿ, ವೀಸಾ ವಿಸ್ತರಣೆಯನ್ನಾಗಲಿ ನಿರ್ಗಮನ ಅನುಮತಿಯನ್ನಾಗಲಿ ಕೋರಬೇಕು. ನ್ಯಾಯಾಲಯದ ವಶದಲ್ಲಿರುವ ಪಾಸ್‌ಪೋರ್ಟನ್ನು ಹಿಂದಿರುಗಿಸುವಂತೆ ಅದೇ ವೇಳೆಗೆ ಅರ್ಜಿ ಸಲ್ಲಿಸತಕ್ಕದ್ದು. ತಪ್ಪಿತಸ್ಥರ ಪಟ್ಟಿಯಲ್ಲಿ ಹೆಸರು ಸೇರಿದ್ದಲ್ಲಿ ಅದನ್ನು ತೆಗೆದುಹಾಕಲು ಪ್ರತ್ಯೇಕ ಮನವಿ ಬೇಕಾಗುತ್ತದೆ. ಅದಕ್ಕೂ ತೀರ್ಪಿನ ನಕಲನ್ನು ಲಗತ್ತಿಸಬೇಕು.